ಅಣ್ಣನ ಎಡಗಡೆ

ನಮ್ಮ ಸರ್ವರ್‌ಗೆ ನಾನು ಸೇರಿಸಿದ ಮೊದಲ ವೇರಿಯಬಲ್‌ನ ಹೆಸರು ನಿಂಬೆಹಣ್ಣು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ನಗಲಿ. ಇಪ್ಪತ್ತು ವರ್ಷದಿಂದ ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುತ್ತಿರುವವಳು ನಾನು. ವೇರಿಯಬಲ್‌ಗೆ ಎಕ್ಸ್, ವೈ ಎಂದು ಹೆಸರಿಟ್ಟು ಮೂರು ತಿಂಗಳಾದ ಮೇಲೆ ಅದೇನೆಂದು ತಾವೇ ಮರೆತು ತಲೆ ಕೆರೆದುಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ನನ್ನ ಕೋಡನ್ನು ನಮ್ಮ ಅತ್ತಿಗೆ ಓದಿದರೂ ಅರ್ಧ ಅರ್ಥವಾಗಬೇಕು, ಅದು ನನ್ನ ಪದ್ಧತಿ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾವು ಇಪ್ಪತ್ತು ಜನ ಲಾರಿ ಓಡಿಸುತ್ತೇವೆ. ನಿಜವಾದ ಲಾರಿಯಲ್ಲ, ಕಂಪ್ಯೂಟರಿನದು. ಅವರವರ ಮನೆಯಲ್ಲಿ ಕೂತು, ಇಂಟರ್ನೆಟ್ ಮೂಲಕ ಒಂದೇ ರಸ್ತೆಗೆ ಇಳಿದು, ಸಾಲಾಗಿ ಹೊರಡುತ್ತೇವೆ. ಇದಕ್ಕೆ ಕಾನ್ವಾಯ್ ಎಂದು ಹೆಸರು. ಆ ರಸ್ತೆಯನ್ನೆಲ್ಲ ನಡೆಸುವ ಯಂತ್ರ, ಅಂದರೆ ಸರ್ವರ್, ಯಲಹಂಕದ ಪಕ್ಕದ ಕೋಗಿಲಿನ ನಮ್ಮ ಮನೆಯ ಮೊದಲ ಮಹಡಿಯಲ್ಲಿ ನನ್ನ ಬೀರುವಿನ ಪಕ್ಕದಲ್ಲಿದೆ. ಅದನ್ನು ಕಾಯುವುದಕ್ಕೆ ಒಂದು ಟೂಲ್ ಇದೆ. ಯಾರು ಬಂದರು, ಯಾರು ಹೋದರು, ಯಾರ ವೇಗ ಎಷ್ಟು, ಯಾರ ಲಾರಿ ಎಷ್ಟು ಜಖಂ ಆಯಿತು, ಇಷ್ಟು ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಅದರಾಚೆಗಿನದು ಏನಾದರೂ ಗೊತ್ತಾಗಬೇಕಾದರೆ ನಾವೇ ಒಂದು ವೇರಿಯಬಲ್ ಮಾಡಿ, ಅದರಲ್ಲಿ ಏನು ತುಂಬಬೇಕು, ಯಾವಾಗ ತುಂಬಬೇಕು ಎಂದು ಬರೆದುಕೊಡಬೇಕು. ವೇರಿಯಬಲ್ ಅಂದರೆ ಮೇಲೆ ಹೆಸರು ಬರೆದ ಡಬ್ಬಿ, ಅಷ್ಟೆ. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ರವೆ ಇರುತ್ತದೆ. ನನ್ನ ಟೂಲಿನಲ್ಲಿ ಅಂಥದ್ದು ನಡೆಯುವುದಿಲ್ಲ.

ನಿಂಬೆಹಣ್ಣಿನ ಡಬ್ಬಿ ಯಾಕೆ ಬಂತೆಂದರೆ, ನಮ್ಮ ಕಾನ್ವಾಯ್‌ನಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ನಿಜವಾಗಿಯೂ ಲಾರಿ ಓಡಿಸಿದವರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸದೆ ಹೊರಡುವುದೇ ಇಲ್ಲ ಎಂದು ಪಟ್ಟು ಹಿಡಿದರು. ಆಟದಲ್ಲಿ ನಿಂಬೆಹಣ್ಣು ಎಲ್ಲಿಂದ ತರಲಿ? ಎರಡು ಸಲ ಹಾರ್ನ್ ಒತ್ತಿ ಹತ್ತಡಿ ಮುಂದೆ ಬಂದರೆ ಆ ಡಬ್ಬಿಯಲ್ಲಿ ಒಂದು ಎಂದು ಬೀಳುತ್ತದೆ, ಒಂದು ಬಿದ್ದರೆ ಯಾರ್ಡಿನ ಗೇಟು ತೆರೆಯುತ್ತದೆ ಎಂದು ಬರೆದೆ. ಮೊದಲ ಭಾನುವಾರ ಲಾರಿಗಳನ್ನು ಗೇಟಿಗೆ ಮೂತಿ ತಾಗಿಸಿಯೇ ನಿಲ್ಲಿಸಿಬಿಟ್ಟಿದ್ದೆ. ಹತ್ತಡಿ ಮುಂದೆ ಬರಬೇಕಾದರೆ ಗೇಟು ತೆರೆದಿರಬೇಕು, ಗೇಟು ತೆರೆಯಬೇಕಾದರೆ ಹತ್ತಡಿ ಮುಂದೆ ಬಂದಿರಬೇಕು. ಇಪ್ಪತ್ತು ಲಾರಿ ನಿಂತಲ್ಲೇ ಹಾರ್ನ್ ಹೊಡೆದವು. ಅರ್ಧ ಗಂಟೆಯೊಳಗೆ ಸರಿ ಮಾಡಿದೆ. ನನ್ನಿಂದ ತಪ್ಪೇ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲಿ ತಪ್ಪಿದೆ ಎಂದು ಹುಡುಕಿ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

ಈ ಕಾನ್ವಾಯ್‌ನ ಮುಂದಿನ ಗಾಡಿ ನಮ್ಮಣ್ಣನದು.

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಯಶವಂತಪುರದ ಯಾರ್ಡಿನಿಂದ ಮೂವತ್ತು ವರ್ಷ ಲಾರಿ ಓಡಿಸಿದ. ಈರುಳ್ಳಿ, ಸಿಮೆಂಟು, ಒಂದು ಸಲ ಸರ್ಕಸ್ಸಿನ ಡೇರೆ. ಸೊಂಟ ಮಾತು ಕೇಳುವುದಿಲ್ಲ ಎಂದಾದ ಮೇಲೆ ಲಾರಿ ಬಿಟ್ಟು ಒಂದು ವ್ಯಾನು ಕೊಂಡು, ನಮ್ಮ ಸುತ್ತಮುತ್ತಲ ಹದಿನಾಲ್ಕು ಮಕ್ಕಳನ್ನು ಯಲಹಂಕದ ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಿಡಿದ. ಅವನೂ ಅತ್ತಿಗೆಯೂ ಕೆಳಗಿನ ಮನೆ, ನಾನು ಮೇಲಿನ ಮನೆ. ನಾನು ಮದುವೆಯಾಗಲಿಲ್ಲ; ಯಾಕೆ ಎಂಬುದಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ. ಅಣ್ಣನಿಗೆ ಒಂದೇ ಒಂದು ಜಂಬ. ಮನೆಗೆ ಹೊಸಬರು ಯಾರು ಬಂದರೂ ಕಾಫಿ ಲೋಟ ಕೆಳಗಿಡುವ ಮೊದಲು ಅದನ್ನು ಕೇಳಿಸಿಕೊಂಡೇ ಹೋಗುತ್ತಾರೆ: "ಮೂವತ್ ವರ್ಷ ಓಡ್ಸಿದೀನಿ. ಒಂದ್ ನಾಯಿಗೂ ತಾಗ್ಸಿಲ್ಲ."

ಒಂದು ಭಾನುವಾರ ಕಾನ್ವಾಯ್‌ಗೆ ಒಬ್ಬರು ಕಡಿಮೆಯಾದಾಗ ಅವನನ್ನು ಎಳೆದು ತಂದು ಕೂರಿಸಿದೆ. ಆಟದ ಸ್ಟೇರಿಂಗನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಏನಮ್ಮ ಇದು, ಮಕ್ಳಾಟ," ಎಂದ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಎದುರಿಗಿನ ಟಿವಿಗೆ ಅಂಟಿಕೊಂಡು ಕೂತು, ಹಿಂದಿನವರಿಗೆಲ್ಲ ಮೈಕಿನಲ್ಲಿ ಪಾಠ ಹೇಳುತ್ತಿದ್ದ. ಎರಡು ಲಾರಿಯಷ್ಟು ಅಂತರ ಬಿಡಬೇಕು, ಇಳಿಜಾರಿನಲ್ಲಿ ಗೇರು ಕಳಚಬಾರದು, ಮುಂದಿನ ಗಾಡಿ ಲೈಟು ಮಿಟುಕಿಸಿದ ಮೇಲೆಯೇ ದಾಟಬೇಕು. ರಾಜಾನುಕುಂಟೆಗೆ ಬಂದ ಮೇಲೆ ಎಲ್ಲರೂ ಗಾಡಿ ಬದಿಗೆ ಹಾಕಿ ಟೀ ಕುಡಿಯಬೇಕು ಎಂದೂ ಕಾನೂನು ಮಾಡಿದ. ಅಂದರೆ ಅವರವರ ಮನೆಯಲ್ಲಿ ಎದ್ದು ಹೋಗಿ ಅವರವರ ಟೀ. ಸುಮ್ಮನೆ ನಿಂತ ಗಾಡಿಯನ್ನು ಟೂಲ್ ತಾನಾಗಿ ಹೊರಗೆ ಹಾಕುತ್ತದೆಯಾದ್ದರಿಂದ ಟೀ ಎಂಬ ಇನ್ನೊಂದು ವೇರಿಯಬಲ್ ಸೇರಿಸಬೇಕಾಯಿತು. ಎರಡು ತಿಂಗಳಲ್ಲಿ ಎಲ್ಲರೂ ಸೇರಿ ಅವನನ್ನೇ ಮುಂದಿನ ಗಾಡಿ ಮಾಡಿದರು. ವಾರವೆಲ್ಲ ಮಕ್ಕಳ ವ್ಯಾನು, ಭಾನುವಾರ ಲಾರಿ. ಲಾರಿ ಬಿಟ್ಟ ಮೇಲೆ ಅವನು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ತೊಂದರೆ ಶುರುವಾಗಿದ್ದು ಜಖಂನಿಂದ. ಯಾರ ಲಾರಿ ಯಾವುದಕ್ಕಾದರೂ ತಾಗಿದರೆ ಟೂಲ್ ಅಂಕ ಹಾಕುತ್ತದೆ. ನೂರು ದಾಟಿದರೆ ಮೂರು ತಿಂಗಳು ಕಾನ್ವಾಯ್‌ನಿಂದ ಹೊರಗೆ. ಇದು ನಾವೇ ಕೈ ಎತ್ತಿ ಒಪ್ಪಿಕೊಂಡ ನಿಯಮ. ಅಣ್ಣನ ಅಂಕ ಏರುತ್ತಲೇ ಇತ್ತು. ಎಂಬತ್ತು ದಾಟಿದ ದಿನ ಗಂಗಾನಗರದಿಂದ ಫೋನ್ ಬಂತು. ಅಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಒಬ್ಬರು ನನ್ನ ಜೊತೆ ಸರ್ವರ್ ನೋಡಿಕೊಳ್ಳುತ್ತಾರೆ. ನಾನು ಟೂಲಿನ ಕಡೆ, ಅವರು ರಸ್ತೆಯ ಕಡೆ. ಆಟದಲ್ಲಿ ಯಶವಂತಪುರದಿಂದ ಹೆಬ್ಬಾಳ, ಯಲಹಂಕ ದಾಟಿ ರಾಜಾನುಕುಂಟೆಯವರೆಗೆ ರಸ್ತೆ ಕಟ್ಟಿದ್ದು ಅವರೇ. ಮನೆಯವರ ಜೊತೆ ದಖ್ಖನಿ ಉರ್ದುವಿನಲ್ಲಿ ಅರಚಾಡುತ್ತಲೇ ನನ್ನ ಜೊತೆ ಬಹಳ ಮೆತ್ತಗೆ ಕನ್ನಡ ಆಡುವ ಮನುಷ್ಯ.

"ಮೇಡಂ, ತಪ್ ತಿಳ್ಕೋಬೇಡಿ. ನಿಮ್ಮಣ್ಣ ಅಂದ್ರೆ ನಮಗೂ ಗೌರವ. ಆದ್ರೆ ರೂಲ್ ಅಂದ್ರೆ ರೂಲ್ ಅಲ್ವಾ? ನಾಳೆ ಬೇರೆಯವರು ಕೇಳಿದ್ರೆ ನಾನ್ ಏನ್ ಹೇಳ್ಲಿ?"

"ನಿಮ್ ಸ್ಕೂಟರ್‌ಗಳದ್ದೇ ತಪ್ಪು ಕಣ್ರೀ," ಎಂದೆ ನಾನು. "ಎಡಗಡೆಯಿಂದ ಆ ಥರ ನುಗ್ಗಿದ್ರೆ ಯಾರ್ ತಾನೇ ಏನ್ ಮಾಡೋಕಾಗುತ್ತೆ?"

ಆ ಸ್ಕೂಟರುಗಳು ಅವರ ಹೆಮ್ಮೆ. ಆಟದ ಜೊತೆ ಬರುವ ವಾಹನಗಳು ಮಹಾ ಸಭ್ಯಸ್ಥರು, ಗೆರೆ ದಾಟುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಎಡದಿಂದ ಸ್ಕೂಟರ್ ನುಗ್ಗದಿದ್ದರೆ ಅದು ಹೆಬ್ಬಾಳ ಹೇಗಾಗುತ್ತದೆ ಎಂದು ಅವರೇ ಕೂತು ಅವನ್ನು ಮಾಡಿ ಸೇರಿಸಿದ್ದರು; ಹೆಚ್ಚಿನವು ಎಡದಿಂದ, ಅಪರೂಪಕ್ಕೊಂದು ಬಲದಿಂದ. "ಸ್ಕೂಟರ್ ಎಲ್ಲರಿಗೂ ಬರುತ್ತೆ ಮೇಡಂ," ಎಂದರು ಅವರು, ಅದೇ ಮೆತ್ತನೆಯ ದನಿಯಲ್ಲಿ. "ಬೇರೆಯವರು ಬ್ರೇಕ್ ಹಾಕ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಬ್ರೇಕ್ ಹಾಕುವುದನ್ನು ಕಲಿಸಲು ಹೊರಟಿದ್ದಾರಲ್ಲ ಎಂದು. ಅಣ್ಣನನ್ನು ಕೇಳಿದೆ. ಅವನದು ಒಂದೇ ಮಾತು.

"ನಾನ್ ನೋಡ್ಕಂಡೇ ಓಡುಸ್ತೀನಿ ಕಣಮ್ಮ. ಅವೇ ಎಲ್ಲಿಂದ್ಲೋ ಬಂದು ಒಡೀತವೆ. ಕಾಣ್ಸೋಕೆ ಮುಂಚೆ ಒಡೆದಿರ್ತವೆ. ನಿನ್ ಮಿಷನ್ನೇ ಸರಿಯಿಲ್ಲ."

ಮಿಷನ್ ಸರಿಯಿಲ್ಲ ಎಂದ ಮೇಲೆ ನಾನು ಸುಮ್ಮನಿರುವವಳಲ್ಲ. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಅವನ ಹೆಸರಿನ ಮುಂದೆ ಅಂಕ ಏರದಂತೆ ಒಂದೇ ಸಾಲು ಬರೆದು ಮುಗಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಬರೆಯಲಿಲ್ಲ. ಅದು ಒಳ್ಳೆಯತನದಿಂದಲ್ಲ, ಸೊಕ್ಕಿನಿಂದ. ಅಣ್ಣನದು ತಪ್ಪಿಲ್ಲ ಎಂದು ಸಾಕ್ಷಿ ಸಮೇತ ತೋರಿಸಿ, ಗಂಗಾನಗರದವರ ಬಾಯಿಂದಲೇ ಹೌದು ಎನ್ನಿಸಬೇಕಿತ್ತು ನನಗೆ.

ಮೂರು ವೇರಿಯಬಲ್ ಮಾಡಿದೆ. ಮೊದಲನೆಯದು ಬದಿ: ಅಡ್ಡ ಬಂದದ್ದು ಲಾರಿಯ ಎಡಕ್ಕೋ, ಬಲಕ್ಕೋ, ನಡುವಿಗೋ. ಎರಡನೆಯದು ಕಂಡದ್ದು: ಆ ಸ್ಕೂಟರು ಚಾಲಕನ ಪರದೆಯ ಮೇಲೆ ಮೊದಲು ಮೂಡಿದ ಗಳಿಗೆ. ಮೂರನೆಯದು ಬ್ರೇಕು: ಅವನು ಕಾಲಿಟ್ಟ ಗಳಿಗೆ. ಸ್ಕೂಟರು ಪರದೆಯ ಮೇಲೆ ಬರುವುದಕ್ಕೂ ಮೊದಲೇ ತಾಗುತ್ತಿದೆ ಎಂದು ಸಾಬೀತಾದರೆ ಅಣ್ಣ ಗೆದ್ದ. ಗೆಲ್ಲುತ್ತಾನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಕೆಲಸ ಸಲೀಸಾಗಿ ಆಗಲಿಲ್ಲ. ಆ ಟೂಲಿಗೆ ಒಂದು ಕೆಟ್ಟ ಅಭ್ಯಾಸ. ಆಟಗಾರ ಹೊರಗೆ ಹೋದ ಕೂಡಲೇ ಅವನ ಡಬ್ಬಿಗಳನ್ನೆಲ್ಲ ತೊಳೆದು ಕವುಚಿಹಾಕುತ್ತದೆ. ಅವನು ಹೊರಗೆ ಹೋಗುವ ಮುನ್ನವೇ ಬೇರೆ ಕಡೆ ಬರೆದಿಡುವ ಹಾಗೆ ಮಾಡಬೇಕಾಯಿತು. ಕಾಲೇಜಿನಲ್ಲಿ ಮಧ್ಯಾಹ್ನ ಲ್ಯಾಬ್ ಖಾಲಿ ಇರುವಾಗ ಕೂತು ಬರೆದೆ. ಎರಡು ವಾರ ಹಿಡಿಯಿತು. ಆಮೇಲೆ ಮೂರು ಭಾನುವಾರ ಎಲ್ಲ ಇಪ್ಪತ್ತು ಜನರ ಲೆಕ್ಕವೂ ಬೀಳಲಿ ಎಂದು ಬಿಟ್ಟೆ. ಅಷ್ಟರಲ್ಲಿ ಅಣ್ಣನ ಅಂಕ ತೊಂಬತ್ತೈದಾಗಿತ್ತು.

ನಾಲ್ಕನೆಯ ವಾರ, ಶನಿವಾರ ಮಧ್ಯಾಹ್ನ, ಲ್ಯಾಬಿನಲ್ಲಿ ಒಬ್ಬಳೇ ಕೂತು ಪಟ್ಟಿ ತೆಗೆದೆ.

ಬಲಗಡೆಯಿಂದ ಬಂದದ್ದಕ್ಕೆ ಅಣ್ಣ ಬ್ರೇಕ್ ಹಾಕಿದಷ್ಟು ಬೇಗ ಇಪ್ಪತ್ತು ಜನರಲ್ಲಿ ಯಾರೂ ಹಾಕಿರಲಿಲ್ಲ. ಇಪ್ಪತ್ತೈದರ ಹುಡುಗರೂ ಅವನ ಹಿಂದೆ. ಅದನ್ನು ನೋಡಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕೆಳಗಿನ ಸಾಲಿಗೆ ಬಂದೆ. ಎಡಗಡೆಯಿಂದ ಬಂದದ್ದು ಪರದೆಯ ಮೇಲೆ ಮೂಡಿದೆ, ಎಲ್ಲರಿಗೂ ಮೂಡಿದಷ್ಟೇ ಮೊದಲು ಮೂಡಿದೆ, ಹಾಗೇ ಇದೆ, ಹತ್ತಿರ ಬಂದಿದೆ, ತಾಗಿದೆ. ಆಮೇಲೆ ಬ್ರೇಕು. ಅದರ ಕೆಳಗಿನ ಸಾಲೂ ಹಾಗೆಯೇ. ಅದರ ಕೆಳಗಿನದೂ ಹಾಗೆಯೇ. ಎಡಗಡೆಯ ಒಂದಕ್ಕೂ ತಾಗುವ ಮೊದಲು ಅವನ ಕಾಲು ಬ್ರೇಕಿನ ಮೇಲೆ ಹೋಗಿರಲಿಲ್ಲ.

ಕೋಡ್ ತಪ್ಪಿದೆ ಎಂದುಕೊಂಡೆ. ಅಲ್ಲ, ತಪ್ಪಿರಲಿ ಎಂದು ಬೇಡಿಕೊಂಡೆ. ನನ್ನ ಕೆಲಸದಲ್ಲಿ ತಪ್ಪು ಸಿಗಲಿ ಎಂದು ಜೀವನದಲ್ಲಿ ಮೊದಲ ಸಲ ಆಸೆಪಟ್ಟೆ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಗಂಗಾನಗರಕ್ಕೆ ಫೋನ್ ಮಾಡಿ, ಅವರನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಕೂರಿಸಿ, ನಾನು ಲ್ಯಾಬಿನಿಂದ ಸ್ಕೂಟರ್ ಬಿಡುತ್ತಾ ಹೋದೆ. ಎಡ ಎಂದರೆ ಎಡವೇ ಬೀಳುತ್ತಿತ್ತು, ಬಲ ಎಂದರೆ ಬಲವೇ. ಅವರ ಬ್ರೇಕು ಎರಡೂ ಕಡೆ ಒಂದೇ ಹೊತ್ತಿಗೆ. ಎಲ್ಲ ಸರಿಯಿತ್ತು. ಅಷ್ಟು ಸರಿಯಾಗಿ ನಾನು ಇನ್ನೇನನ್ನೂ ಬರೆದಿಲ್ಲ.

"ಏನಾಯ್ತು ಮೇಡಂ?" ಎಂದರು ಅವರು.

"ನಾಳೆ ಒಂದಿನ ನಿಮ್ ಸ್ಕೂಟರ್‌ನೆಲ್ಲ ಬಲಗಡೆಯಿಂದ ಬಿಡೋಕಾಗುತ್ತಾ?"

ಯಾಕೆ ಎಂದು ಕೇಳಲಿಲ್ಲ. "ಆಗುತ್ತೆ," ಎಂದರು. ಅವರಿಗೂ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಭಾನುವಾರ ಅಣ್ಣನಷ್ಟು ಚೆನ್ನಾಗಿ ಯಾರೂ ಓಡಿಸಲಿಲ್ಲ. ಬಲದಿಂದ ಸ್ಕೂಟರ್ ನುಗ್ಗಿ ಬೇರೆಯವರೆಲ್ಲ ತಬ್ಬಿಬ್ಬಾದರು. ಇವನು ಒಂದಕ್ಕೂ ತಾಗಿಸದೆ ರಾಜಾನುಕುಂಟೆ ಮುಟ್ಟಿದ. ನಾನು ಅವನ ಕುರ್ಚಿಯ ಹಿಂದೆಯೇ ನಿಂತಿದ್ದೆ. ಗಾಡಿ ಬದಿಗೆ ಹಾಕಿ ಇಡೀ ಮುಖ ಅರಳಿಸಿಕೊಂಡು ತಿರುಗಿದ.

"ನೋಡ್ದಾ? ನಿನ್ ಮಿಷನ್ ಸರಿಯಾಯ್ತು, ನಾನೂ ಸರಿಯಾದೆ. ನಾನ್ ಏಳ್ಲಿಲ್ವಾ?"

ಹೂಂ ಎಂದೆ. ಹೇಳಬೇಕಿತ್ತು, ಹೇಳಲಿಲ್ಲ. ಹೆದರಿಕೊಂಡೆ. ಅವನು ಟೀ ಎಂದು ಕೈ ಚಾಚಿದ. ಅತ್ತಿಗೆ ಲೋಟವನ್ನು ಅವನ ಎಡಕ್ಕೆ ಇಡಲು ಹೋದವಳು ಸುತ್ತಿ ಬಂದು ಬಲಕ್ಕಿಟ್ಟಳು. ಅದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಹಾಗೆ ಸುತ್ತಿ ಬಂದದ್ದು ಅವಳಿಗೇ ತಿಳಿದಂತೆ ಕಾಣಲಿಲ್ಲ. ಎಡಕ್ಕಿಟ್ಟ ಲೋಟ ಎಷ್ಟೋ ತಿಂಗಳಿಂದ ಉರುಳುತ್ತಿತ್ತು. ಉರುಳಿದಾಗೆಲ್ಲ ಇಟ್ಟವರಿಗೇ ಬೈಗುಳ. ನಾನೂ ತಿಂದಿದ್ದೇನೆ.

ಆ ಸಂಜೆ ನನ್ನ ತಲೆಯಲ್ಲಿ ಲಾರಿಯೂ ಇರಲಿಲ್ಲ, ಕಾನ್ವಾಯೂ ಇರಲಿಲ್ಲ. ವ್ಯಾನಿತ್ತು. ವ್ಯಾನಿನ ಬಾಗಿಲು ಎಡಗಡೆ. ಹದಿನಾಲ್ಕು ಮಕ್ಕಳು ಹತ್ತುವುದು ಎಡಗಡೆ, ಇಳಿಯುವುದು ಎಡಗಡೆ. ಇಳಿದ ಮೇಲೆ ಮುಂದೆ ಓಡಿ ರಸ್ತೆ ದಾಟುವುದೂ ಎಡಗಡೆಯ ಬಂಪರಿನ ಪಕ್ಕದಿಂದಲೇ.

ಸೋಮವಾರ ಬೆಳಿಗ್ಗೆ ಆರೂವರೆಗೆ ಕೆಳಗೆ ನೀರು ಎರಚುವ ಸದ್ದು ಕೇಳಿತು. ಅಣ್ಣ ದಿನಾ ಆ ಹೊತ್ತಿಗೆ ವ್ಯಾನು ತೊಳೆಯುತ್ತಾನೆ. ಏಳು ಗಂಟೆಗೆ ಮೊದಲ ಮಗು. ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಇಳಿದು ಹೋದೆ. ದಾರಿಯಲ್ಲಿ ಬಹಳ ನಯವಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನೆದುರು ನಿಂತ ಮೇಲೆ ಬಾಯಿಗೆ ಬಂದದ್ದು ಒಂದೇ.

"ಅಣ್ಣ, ನಿನಗೆ ಎಡಗಡೆ ಕಾಣ್ತಿಲ್ಲ."

ಬಟ್ಟೆ ಹಿಂಡುತ್ತಿದ್ದವನು ನಿಲ್ಲಿಸಲಿಲ್ಲ. "ಯಾರ್ ಏಳಿದ್ದು?"

"ಟೂಲ್ ಹೇಳ್ತು. ನಾನೇ ಬರ್ದಿದ್ದು. ಮೂರ್ ವಾರದ್ ಲೆಕ್ಕ ಇದೆ. ನಿನ್ನೆ ಸ್ಕೂಟರ್‌ನೆಲ್ಲ ಬಲಗಡೆಗೆ ಹಾಕಿಸಿದ್ದು ನಾನೇ. ಅದಕ್ಕೇ ಒಂದೂ ತಾಗ್ಲಿಲ್ಲ."

ಆಗ ತಿರುಗಿದ. ಅಷ್ಟು ಸಿಟ್ಟನ್ನು ನಾನು ಅವನ ಮುಖದ ಮೇಲೆ ಎಂದೂ ಕಂಡಿರಲಿಲ್ಲ. "ಆಟ ನೋಡ್ಕಂಡು ನನ್ ಕಣ್ ಏಳೋಕ್ ಬಂದಿದೀಯಾ? ನೀನ್ ಉಟ್ಟೋಕ್ ಮುಂಚೆಯಿಂದ ಗಾಡಿ ಕಂಡೋನು ನಾನು. ಒಂದ್ ನಾಯಿಗೂ…"

"ಗೊತ್ತು. ತಾಗ್ಸಿಲ್ಲ. ಅದು ನಿಜ. ಈಗ ಸೀಟಲ್ಲಿ ಕೂತ್ಕೋ."

ಯಾಕೆ ಕೂತನೋ ಗೊತ್ತಿಲ್ಲ. ನನ್ನ ಜೊತೆ ವಾದ ಮಾಡಿ ಗೆದ್ದವರಿಲ್ಲ ಎಂಬುದು ಅವನಿಗೂ ಗೊತ್ತಿದ್ದರಿಂದ ಇರಬಹುದು. ಸ್ಟೇರಿಂಗ್ ಹಿಡಿದು ಕೂರಲು ಹೇಳಿದೆ. ಎದುರಿಗೆ ಮನೆಯ ಗೇಟಿನ ಚಿಲಕ. ಅದನ್ನೇ ನೋಡುತ್ತಿರಬೇಕು, ತಲೆ ತಿರುಗಿಸಬಾರದು, ನಾನು ಹಿಂದಿನಿಂದ ನಡೆದು ಮುಂದಕ್ಕೆ ಬರುತ್ತೇನೆ, ಕಂಡ ಕೂಡಲೇ ಹೇಳಬೇಕು ಎಂದೆ. ಮೊದಲು ಬಲಗಡೆಯಿಂದ ಹೋದೆ. ಅವನ ಕಿಟಕಿಗೆ ಬರುವ ಮೊದಲೇ, "ಕಂಡೆ," ಎಂದ, ಗೆದ್ದ ದನಿಯಲ್ಲಿ.

ಆಮೇಲೆ ಎಡಗಡೆಯಿಂದ ಹೋದೆ. ಸದ್ದಾಗದಂತೆ ಬರಿಗಾಲಿನಲ್ಲಿ ನಡೆದೆ. ಮಕ್ಕಳು ಹತ್ತುವ ಬಾಗಿಲು ದಾಟಿದೆ. ಮುಂದಿನ ಕಿಟಕಿ ದಾಟಿದೆ. ಕನ್ನಡಿ ದಾಟಿದೆ. ವ್ಯಾನಿನ ಎಡಮೂಲೆಯಾಚೆ, ಗಾಜಿನೆದುರು, ಎದೆಯವರೆಗೂ ಕಾಣುವ ಹಾಗೆ ನಿಂತೆ. ಅಣ್ಣ ಚಿಲಕ ನೋಡುತ್ತಲೇ ಇದ್ದ. ಅತ್ತಿಗೆ ಅವನ ಬುತ್ತಿ ಹಿಡಿದುಕೊಂಡು ಬಾಗಿಲಿಗೆ ಬಂದವಳು ನಮ್ಮಿಬ್ಬರನ್ನೂ ನೋಡಿ ಅಲ್ಲೇ ನಿಂತಳು. ನಾನು ಕೈ ಎತ್ತಿ ಬೀಸಿದೆ. ಎರಡು ಸಲ ಬೀಸಿದೆ.

"ಬಾರಮ್ಮ, ಒತ್ತಾಯ್ತು," ಎಂದ ಅಣ್ಣ. "ಇನ್ನೂ ಇಂದೆ ಏನ್ ಮಾಡ್ತಿದೀಯ?"

"ಬಂದಾಗಿದೆ ಅಣ್ಣ."

ತಲೆ ತಿರುಗಿಸಿದ. ಗಾಜಿನಾಚೆ ನಾನು ಪೂರ್ತಿ ಕಾಣುತ್ತಿದ್ದೆ, ಎತ್ತಿದ ಕೈಯೂ ಕಾಣುತ್ತಿತ್ತು. ಮತ್ತೆ ಚಿಲಕ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. ಹೀಗೆ ಎಷ್ಟು ಸಲ ಮಾಡಿದನೋ. ಒಂದೊಂದು ಸಲವೂ ನಾನು ಇದ್ದೆ, ಇರಲಿಲ್ಲ.

ಕಣ್ಣಾಸ್ಪತ್ರೆಯವರು ಆ ವಾರವೇ ಹೇಳಿದರು: ಗ್ಲಾಕೋಮಾ, ಕಣ್ಣಿನ ನರದ ಕಾಯಿಲೆ, ಎರಡೂ ಕಣ್ಣಿಗೆ, ಎಡಗಣ್ಣಿಗೆ ಹೆಚ್ಚು. ಅದು ನೋಯುವುದಿಲ್ಲ, ಕಪ್ಪಗೂ ಕಾಣುವುದಿಲ್ಲವಂತೆ. ದೃಷ್ಟಿ ಹೋದ ಕಡೆ ಏನೂ ಆಗಿಲ್ಲದ ಹಾಗೆ ಮಿದುಳೇ ಏನನ್ನೋ ತುಂಬಿ ಮುಚ್ಚಿಬಿಡುತ್ತದೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಈಗ ದಿನಾ ಹನಿ ಹಾಕಿಕೊಳ್ಳುತ್ತಾನೆ. ಭಾನುವಾರದ ಕಾನ್ವಾಯ್‌ನಲ್ಲಿ ಕೊನೆಯ ಗಾಡಿ ಅವನದು, ತಾನೇ ಕೇಳಿ ಹಿಂದಕ್ಕೆ ಹೋದ. ನನ್ನ ಮೂರು ವೇರಿಯಬಲ್ ತೆಗೆಯಬೇಡ, ಎಲ್ಲರಿಗೂ ಇರಲಿ ಎಂದೂ ಹೇಳಿದ. ಅವನ ಮಾತಿಗೆ ಬೆಲೆ ಕೊಟ್ಟು ಹಾಗೇ ಇಟ್ಟಿದ್ದೇನೆ. ಆದರೆ ಇದೆಲ್ಲ ಆಮೇಲಿನದು. ನಾನು ಹೇಳಬೇಕಾದದ್ದು ಆ ಬೆಳಿಗ್ಗೆಯದು.

ಗಡಿಯಾರದಲ್ಲಿ ಆರೂಮುಕ್ಕಾಲು. ಅಣ್ಣ ಸೀಟಿನಿಂದ ಇಳಿದು, ವ್ಯಾನಿನ ಎಡಗಡೆಗೆ ಸುತ್ತಿ ಬಂದು, ಬಾಗಿಲ ಮೆಟ್ಟಿಲ ಮೇಲೆ ಕೂತ. ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಜೇಬಿನಿಂದ ಫೋನ್ ತೆಗೆದು ಮೊದಲ ಮಗುವಿನ ಮನೆಗೆ ಮಾಡಿದ. ನಮ್ಮ ಬೀದಿಯ ಕೊನೆಯ ಮನೆ, ಒಂದನೆಯ ಕ್ಲಾಸಿನ ಹುಡುಗಿ.

"ಅಮ್ಮಾ, ಇವತ್ ವ್ಯಾನ್ ಬರಲ್ಲ. ಗಾಡಿ ಕೆಟ್ಟೋಗೈತೆ."

ಆ ಕಡೆಯ ಹೆಂಗಸಿನ ದನಿ ನನಗೂ ಕೇಳುತ್ತಿತ್ತು. "ಅಯ್ಯೋ, ಇರ್ಲಿ ಬಿಡಿ, ಇವತ್ ನಾವೇ ಬಿಡ್ತೀವಿ. ನಾಳೆ ಬರ್ತೀರಲ್ವಾ? ನೀವ್ ಬಂದ್ರೇ ನಮಗೆ ನಿಶ್ಚಿಂತೆ."

"ಊಂ," ಎಂದ ಅಣ್ಣ. ಫೋನ್ ಇಟ್ಟ.

ಅತ್ತಿಗೆ ಬುತ್ತಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. "ನಾಳೆ?" ಎಂದಳು, ಅಷ್ಟೆ. ನನಗೆ ಅಳು ಬಂತು. ನಾನು ಸರಿಯಾಗಿದ್ದೆ, ನನ್ನ ಲೆಕ್ಕ ಸರಿಯಾಗಿತ್ತು, ಅದಕ್ಕೇ ಅಳು ಬಂತು.

ಅಣ್ಣ ಮತ್ತೆ ಫೋನ್ ಎತ್ತಿಕೊಂಡ. ಎರಡನೆಯ ಮನೆಗಲ್ಲ, ಅದೇ ಮೊದಲ ಮನೆಗೆ ಮತ್ತೆ ಮಾಡಿದ.

"ಅಮ್ಮಾ, ನಾನೇ. ಆಗ ಸುಳ್ ಏಳ್ದೆ. ಗಾಡಿ ಚೆನ್ನಾಗೈತೆ. ನಂಗೆ ಎಡಗಡೆ ಕಣ್ ಕಾಣ್ತಿಲ್ಲ. ಎಷ್ಟ್ ದಿನದಿಂದಾನೋ ಗೊತ್ತಿಲ್ಲ. ನಿಮ್ ಮಗು ಇಳಿಯೋದು ಎಡಗಡೆನೇ. ನಾಳೇನೂ ಬರಲ್ಲ ನಾನು, ಇನ್ಮೇಲ್ ಬರಲ್ಲ."

ಅವನು ಫೋನ್ ಇಟ್ಟು ಮುಂದಿನ ನಂಬರು ಒತ್ತಿದ. ಉಳಿದ ಹದಿಮೂರು ಮನೆಗೂ ಇದನ್ನೇ ಹೇಳಿದ, ಒಂದು ಮಾತೂ ಕಡಿಮೆ ಮಾಡದೆ.